ಹೆಗಲ ಮೇಲೆ ಮೂರು ಕೆ.ಜಿ.: ಭಾರದ ಕ್ಯಾಮೆರಾಗೆ ಎಂಥ ಸ್ಟ್ರ್ಯಾಪ್ ಬೇಕು?

(ಪಾಡ್‌ಕಾಸ್ಟ್‌ನ ಲಿಖಿತ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಿರೋರಿಗೆ, ಫೋನ್ ಸ್ಕ್ರೀನ್ ಮೇಲೆ ಓದ್ತಿರೋರಿಗೆ, ಇಬ್ಬರಿಗೂ ಸ್ವಾಗತ. ಇವತ್ತಿನ ವಿಷಯ ಕ್ಯಾಮೆರಾ ಸ್ಟ್ರ್ಯಾಪ್. ನಮ್ಮ ಫೋಟೋಗ್ರಾಫರ್ ಹುಡುಗರ ಬಾಯಲ್ಲಿ ಅದು 'ಬೆಲ್ಟ್'.

ಇದರ ಬಗ್ಗೆ ಒಂದು ಪೂರ್ತಿ ಎಪಿಸೋಡ್ ಬೇಕಾ ಅಂತ ಕೆಲವರಿಗೆ ಅನ್ನಿಸಬಹುದು. ಬೇಕು ಅಂತ ನನಗನ್ನಿಸಿದ್ದಕ್ಕೆ ಕಾರಣ ಇದೆ. ನನಗೆ ಗೊತ್ತಿರೋ ಮದುವೆ ಫೋಟೋಗ್ರಾಫರ್‌ಗಳಲ್ಲಿ ಬಹಳ ಜನ ಇಪ್ಪತ್ತೈದು ದಾಟದ ಹುಡುಗ ಹುಡುಗಿಯರು. ಇಎಂಐ ಕಟ್ಟಿ ಕ್ಯಾಮೆರಾ ತಗೊಂಡಿರ್ತಾರೆ, ಇಲ್ಲಾ ದಿನದ ಬಾಡಿಗೆಗೆ ತಂದಿರ್ತಾರೆ. ಬಾಡಿ, ಲೆನ್ಸ್, ಫ್ಲ್ಯಾಶ್ ಬಗ್ಗೆ ಗಂಟೆಗಟ್ಟಲೆ ರಿವ್ಯೂ ನೋಡ್ತಾರೆ. ಲಕ್ಷಗಟ್ಟಲೆ ಬೆಲೆಯ ಆ ಸಾಮಾನೆಲ್ಲ ನೇತಾಡೋದು ಮಾತ್ರ ಡಬ್ಬಿ ಜೊತೆ ಬಂದ ಪಟ್ಟಿಯ ಮೇಲೆ. ಅದು ಕಿತ್ತುಹೋದ್ರೆ ಕ್ಯಾಮೆರಾ ನೆಲಕ್ಕೆ. ಕಿತ್ತುಹೋಗದೆ ಗಟ್ಟಿಯಾಗೇ ಇದ್ದು, ಹಾಕೋ ಕ್ರಮ ತಪ್ಪಾಗಿದ್ರೆ ಹೊಡೆತ ಕುತ್ತಿಗೆಗೆ. ಕ್ಯಾಮೆರಾ ರಿಪೇರಿ ಮಾಡಿಸಬಹುದು. ಈ ಕೆಲಸದಲ್ಲೇ ಇನ್ನೂ ಮೂವತ್ತು ವರ್ಷ ಅನ್ನ ಹುಟ್ಟಬೇಕಾದವರ ಕುತ್ತಿಗೆ, ಹೆಗಲಿಗೆ ಸ್ಪೇರ್ ಪಾರ್ಟ್ ಸಿಗಲ್ಲ.

ಮೊದಲು ತೂಕದ ಲೆಕ್ಕ

ಸ್ಟ್ರ್ಯಾಪ್ ಆರಿಸೋಕೆ ಮುಂಚೆ ನಿಮ್ಮ ಸಾಮಾನು ಎಷ್ಟು ತೂಗುತ್ತೆ ಅಂತ ಗೊತ್ತಿರಬೇಕು. ಮೂರು ಉದಾಹರಣೆ ಕೊಡ್ತೀನಿ.

ಹೊಸದಾಗಿ ಕಲಿಯೋರ ಕ್ಯಾನನ್ 1500ಡಿ ತಗೊಳ್ಳಿ. ಬ್ಯಾಟರಿ, ಕಾರ್ಡ್ ಸೇರಿ ಬಾಡಿ 475 ಗ್ರಾಂ. ಜೊತೆಗೆ ಬರೋ 18-55 ಲೆನ್ಸ್ 200 ಗ್ರಾಂ. ಒಟ್ಟು 700 ಗ್ರಾಂ ಒಳಗೇ ಮುಗೀತು. ಇದಕ್ಕೆ ಡಬ್ಬಿಯ ಸ್ಟ್ರ್ಯಾಪ್ ಧಾರಾಳ ಸಾಕು. ನಿಮ್ಮದು ಇಷ್ಟೇ ತೂಕ ಅಂದ್ರೆ ದುಡ್ಡು ಉಳಿಸಿ, ಅದನ್ನ ಸರಿಯಾಗಿ ಕಟ್ಟೋದು ಹೇಗೆ ಅನ್ನೋದನ್ನ ಮಾತ್ರ ಮುಂದೆ ಕೇಳಿ.

ಎರಡನೇದು ಮದುವೆ ಮನೆ. ಕ್ಯಾನನ್ ಆರ್5 ಬಾಡಿ 738 ಗ್ರಾಂ, ಅದಕ್ಕೆ 70-200 ಎಫ್2.8 ಆರ್‌ಎಫ್ ಲೆನ್ಸ್ 1,070 ಗ್ರಾಂ. ಇನ್ನೊಂದು ಹೆಗಲಲ್ಲಿ ಅಂಥದ್ದೇ ಇನ್ನೊಂದು ಬಾಡಿ, ಅದಕ್ಕೆ 900 ಗ್ರಾಂನ 24-70 ಲೆನ್ಸ್. ಎರಡೂ ಸೇರಿದ್ರೆ ಹತ್ತಿರ ಹತ್ತಿರ ಮೂರೂವರೆ ಕೆ.ಜಿ., ಫ್ಲ್ಯಾಶ್ ತೂಕ ಬೇರೆ. ಬೆಳಗಿನ ಜಾವದ ಶಾಸ್ತ್ರದಿಂದ ಹಿಡಿದು ಧಾರೆ, ಊಟ, ರಾತ್ರಿ ರಿಸೆಪ್ಶನ್‌ವರೆಗೂ ಇದು ಮೈಮೇಲೇ ಇರುತ್ತೆ.

ಮೂರನೇದು ಕಾಡು. ಕಬಿನಿ, ನಾಗರಹೊಳೆ ಸಫಾರಿ ಜೀಪಿನಲ್ಲಿ ನಾನು ಆಗಾಗ ನೋಡಿರೋ ಜೋಡಿ ಅಂದ್ರೆ ನಿಕಾನ್ ಡಿ850 ಮತ್ತು 200-500 ಲೆನ್ಸ್. ಬಾಡಿ 1,005 ಗ್ರಾಂ, ಲೆನ್ಸ್ ಅದರ ಕಾಲರ್ ಸೇರಿ 2,300 ಗ್ರಾಂ. ಒಂದೇ ಸ್ಟ್ರ್ಯಾಪ್ ಮೇಲೆ 3.3 ಕೆ.ಜಿ.

ಕುತ್ತಿಗೆಗೆ ಯಾಕೆ ನೋವು?

ಹಳ್ಳಿಯಲ್ಲಿ ಬಿಂದಿಗೆ ಹೊರೋರನ್ನ ನೋಡಿದ್ದೀರಲ್ವಾ? ಸೊಂಟಕ್ಕೆ ಒತ್ತಿ ಹಿಡೀತಾರೆ, ಇಲ್ಲಾ ತಲೆ ಮೇಲೆ ಇಟ್ಕೋತಾರೆ. ಯಾರೂ ಹಗ್ಗ ಕಟ್ಟಿ ಕುತ್ತಿಗೆಗೆ ನೇತುಹಾಕ್ಕೊಂಡು ಎದೆ ಮುಂದೆ ತೂಗಾಡಿಸಲ್ಲ. ಭಾರ ಮೈಗೆ ಹತ್ತಿರ ಇದ್ದಷ್ಟೂ ಹೊರೋದು ಸುಲಭ ಅನ್ನೋದು ಅವರಿಗೆ ಅನುಭವದಿಂದಲೇ ಗೊತ್ತು. ಕ್ಯಾಮೆರಾ ವಿಷಯದಲ್ಲಿ ನಾವು ಮಾಡ್ತಿರೋದು ಸರಿಯಾಗಿ ಅದರ ಉಲ್ಟಾ.

ಕುತ್ತಿಗೆಯಿಂದ ಮುಂದಕ್ಕೆ ನೇತುಬಿದ್ದ ಭಾರ ತಲೆಯನ್ನ, ಬೆನ್ನಿನ ಮೇಲ್ಭಾಗವನ್ನ ಮುಂದಕ್ಕೆ ಎಳೀತಾ ಇರುತ್ತೆ. ಬಗ್ಗದೆ ನಿಲ್ಲೋಕೆ ಕುತ್ತಿಗೆ ಹಿಂದಿನ ಸ್ನಾಯುಗಳು ಬಿಡುವಿಲ್ಲದೆ ಹಿಂದಕ್ಕೆ ಎಳೀಬೇಕು. ಅವು ಈಗಾಗಲೇ ಸುಮಾರು 5 ಕೆ.ಜಿ. ತೂಗೋ ತಲೆಯನ್ನ ಹಿಡಿದು ನಿಲ್ಲಿಸಿರ್ತವೆ. ಮೇಲಿಂದ ಮೂರು ಕೆ.ಜಿ. ಸೇರಿಸಿದ್ರೆ ಏನಾಗುತ್ತೆ ಅಂತ ಮದುವೆ ಮಾರನೇ ದಿನ ಬೆಳಗ್ಗೆ ತಲೆ ತಿರುಗಿಸೋಕೆ ಹೋದಾಗ ಗೊತ್ತಾಗುತ್ತೆ.

ಎರಡನೇ ಕಾರಣ ಒತ್ತಡ. ಅದೇ ತೂಕ, ಕೂರೋ ಜಾಗ ಕಿರಿದಾದಷ್ಟೂ ಹೆಚ್ಚು ಚುಚ್ಚುತ್ತೆ. ಎರಡೂವರೆ ಸೆಂ.ಮೀ. ಅಗಲದ ಪಟ್ಟಿ ಬದಲು ಐದು ಸೆಂ.ಮೀ. ಅಗಲದ್ದು ಹಾಕಿದ್ರೆ ಪ್ರತಿ ಚದರ ಸೆಂಟಿಮೀಟರ್ ಚರ್ಮದ ಮೇಲೆ ಬೀಳೋ ಭಾರ ಅರ್ಧಕ್ಕೆ ಇಳಿಯುತ್ತೆ. ತೂಕ ಕಮ್ಮಿ ಆಗಿಲ್ಲ, ಹಂಚಿಕೆ ಆಗಿದೆ ಅಷ್ಟೆ. ಒಂದು ಎಚ್ಚರಿಕೆ ಏನಂದ್ರೆ, ಕುತ್ತಿಗೆ ಬುಡದಲ್ಲಿ ತೀರಾ ಅಗಲದ ಪಟ್ಟಿ ಸರಿಯಾಗಿ ಕೂರಲ್ಲ, ಅಂಚು ಮಡಚಿಕೊಂಡು ಚುಚ್ಚುತ್ತೆ. ಅಗಲದ ಪೂರ್ತಿ ಲಾಭ ಸಿಗೋದು ಹೆಗಲಿನ ಮೇಲೆ.

ಇನ್ನೊಂದು ಮಾತು. ಬೆರಳು ಜೋಮು ಹಿಡಿಯೋದು, ಕೈಗೆ ಸೂಜಿ ಚುಚ್ಚಿದ ಹಾಗೆ ಆಗೋದು ಶುರುವಾದ್ರೆ ಸ್ಟ್ರ್ಯಾಪ್ ಬದಲಿಸಿ ಸುಮ್ಮನಾಗಬೇಡಿ. ಡಾಕ್ಟರ್ ಹತ್ರ ತೋರಿಸಿ.

ಐದು ಬಗೆ, ಐದು ಕೆಲಸ

ಅಂಗಡಿಯಲ್ಲಿ ನೂರು ಹೆಸರಿದ್ರೂ ಮೂಲದಲ್ಲಿ ಇರೋದು ಐದು ಬಗೆ.

ಒಂದು, ಕುತ್ತಿಗೆ ಪಟ್ಟಿ. ಒಂದು ಕೆ.ಜಿ. ಒಳಗಿನ ಕ್ಯಾಮೆರಾಗೆ, ಒಂದೆರಡು ಗಂಟೆ ಕೆಲಸಕ್ಕೆ ಸರಿ. ಇದೇ ಪಟ್ಟಿ ಸ್ವಲ್ಪ ಉದ್ದ ಇದ್ರೆ ಅಡ್ಡಡ್ಡ, ಅಂದ್ರೆ ಎಡ ಹೆಗಲಿಂದ ಬಲ ಸೊಂಟಕ್ಕೆ ಬರೋ ಹಾಗೆ ಹಾಕ್ಕೊಳ್ಳಿ. ಹೊಸ ಸ್ಟ್ರ್ಯಾಪ್ ಕೊಳ್ಳದೆಯೇ ಕುತ್ತಿಗೆ ಭಾರ ಹೆಗಲಿಗೆ ಇಳಿಯುತ್ತೆ.

ಎರಡು, ಸ್ಲಿಂಗ್. ಅಡ್ಡಡ್ಡ ಹಾಕೋಕೇ ಮಾಡಿದ್ದು. ಬ್ಲ್ಯಾಕ್‌ರ‍್ಯಾಪಿಡ್ ಹೆಸರು ಕೇಳಿರ್ತೀರಿ, ಈ ಬಗೆಯನ್ನ ಜನಪ್ರಿಯ ಮಾಡಿದ ಕಂಪನಿಗಳಲ್ಲಿ ಅದೂ ಒಂದು. ಕ್ಯಾಮೆರಾ ಸೊಂಟದ ಪಕ್ಕ ತಲೆಕೆಳಗಾಗಿ ನೇತಾಡುತ್ತೆ. ಕಣ್ಣಿಗೆ ಎತ್ತಿದಾಗ ಪಟ್ಟಿ ಹೆಗಲ ಮೇಲೇ ಇರುತ್ತೆ, ಕ್ಯಾಮೆರಾ ಮಾತ್ರ ಪಟ್ಟಿ ಉದ್ದಕ್ಕೂ ಜಾರಿ ಮೇಲೆ ಬರುತ್ತೆ. ಒಂದು ಬಾಡಿಯಲ್ಲಿ ಇಡೀ ದಿನ ಕೆಲಸ ಮಾಡೋರಿಗೆ ಒಳ್ಳೆಯದು. ಆದರೆ ಬಗ್ಗಿದ ತಕ್ಷಣ ಕ್ಯಾಮೆರಾ ಮುಂದಕ್ಕೆ ತೂಗಿ ಬರುತ್ತೆ. ಛತ್ರದಲ್ಲಿ ನಿಮ್ಮ ಸೊಂಟದ ಎತ್ತರಕ್ಕೆ ಸರಿಯಾಗಿ ಇರೋದು ಓಡಾಡೋ ಮಕ್ಕಳ ತಲೆ. ಅದಕ್ಕೇ ಕ್ಯಾಮೆರಾ ಜಾರದಂತೆ ತಡೆಯೋ ಸ್ಟಾಪರ್ ಇರೋ ಸ್ಲಿಂಗ್ ತಗೊಳ್ಳಿ, ಜನರ ಮಧ್ಯೆ ನಡೆಯೋವಾಗ ಒಂದು ಕೈ ಲೆನ್ಸ್ ಮೇಲೆ ಇರಲಿ.

ಮೂರು, ಎರಡು ಹೆಗಲಿನ ಹಾರ್ನೆಸ್. ಸ್ಕೂಲ್ ಬ್ಯಾಗಿನ ಹಾಗೆ ಎರಡೂ ಹೆಗಲಿಗೆ ಸಮ ಭಾರ, ಎರಡು ಬದಿಗೆ ಎರಡು ಕ್ಯಾಮೆರಾ. ಮೂರೂವರೆ ಕೆ.ಜಿ. ಹೊತ್ತು ಹನ್ನೆರಡು ಗಂಟೆ ನಿಲ್ಲೋ ಮದುವೆ ಫೋಟೋಗ್ರಾಫರ್‌ಗೆ ನನ್ನ ಮೊದಲ ಸಲಹೆ ಇದೇ. ಹಾಕಿ ಬಿಚ್ಚೋದು ನಿಧಾನ, ಸೆಕೆಯಲ್ಲಿ ಬೆನ್ನು ಬೆವರುತ್ತೆ. ಲೋಹದ ಕೊಂಡಿ ಹೊರಗೆ ಚಾಚಿರೋದು ಬೇಡ, ಪಕ್ಕದಲ್ಲಿ ಹಾದುಹೋಗೋರ ರೇಷ್ಮೆ ಸೀರೆಗೆ ಸಿಕ್ಕಿಕೊಂಡ್ರೆ ಫೋಟೋ ದುಡ್ಡು ಸೀರೆಗೇ ಹೋಗುತ್ತೆ.

ನಾಲ್ಕು, ಕೈಪಟ್ಟಿ. ಮಣಿಕಟ್ಟಿಗೆ ಹಾಕೋದು ಒಂದು ಥರ, ಕ್ಯಾಮೆರಾ ಗ್ರಿಪ್ ಮೇಲೆ ಅಂಗೈಯನ್ನ ಬಿಗಿಯಾಗಿ ಹಿಡಿಯೋದು ಇನ್ನೊಂದು ಥರ. ರಸ್ತೆ, ಜಾತ್ರೆ ಫೋಟೋಗ್ರಫಿಗೆ ಹಗುರ ಕ್ಯಾಮೆರಾ ಇದ್ರೆ ಚೆನ್ನ. ಭಾರದ ಲೆನ್ಸ್‌ಗೆ ಇದೊಂದೇ ಸಾಲದು, ಯಾಕಂದ್ರೆ ಭಾರ ಪೂರ್ತಿ ಕೈಮೇಲೇ ಉಳಿಯುತ್ತೆ.

ಐದು, ಕ್ಲಿಪ್. ಬೆನ್ನಿನ ಬ್ಯಾಗಿನ ಪಟ್ಟಿಗೆ ಕಚ್ಚಿಸೋ ಲೋಹದ ಹಿಡಿತ. ಅಮೆರಿಕದ ಪೀಕ್ ಡಿಸೈನ್ ಕಂಪನಿ 2011ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಸೇರಿಸಿ ಶುರುವಾಗಿದ್ದೇ ಇಂಥ ಕ್ಲಿಪ್‌ನಿಂದ. ಕುಮಾರ ಪರ್ವತದಂಥ ಏರುಹಾದಿಯಲ್ಲಿ ಎರಡೂ ಕೈ ಖಾಲಿ ಇರಬೇಕು, ಕ್ಯಾಮೆರಾ ಎದೆಗೆ ಬಡೀಬಾರದು. ಅಲ್ಲಿ ಇದು ಅನುಕೂಲ. ಬ್ಯಾಗಿನ ಪಟ್ಟಿ ಗಟ್ಟಿ ಇರಬೇಕು, ಲೆನ್ಸ್ ಚಿಕ್ಕದಿರಬೇಕು.

ಕಿತ್ತುಹೋಗೋದು ಪಟ್ಟಿ ಅಲ್ಲ

ಅಗಲದ ನೈಲಾನ್ ಪಟ್ಟಿ ನಡುವೆ ಹರಿದು ಕ್ಯಾಮೆರಾ ಬೀಳೋದು ತೀರಾ ಅಪರೂಪ. ಬೀಳೋದು ಜೋಡಣೆ ಇರೋ ಕಡೆ: ಬಕಲ್‌ನಿಂದ ಪಟ್ಟಿ ಜಾರುತ್ತೆ, ಹೊಲಿಗೆ ಬಿಚ್ಚುತ್ತೆ, ಸ್ಕ್ರೂ ಸಡಿಲ ಆಗುತ್ತೆ, ಉಂಗುರ ಬಾಯಿ ಬಿಡುತ್ತೆ. ಅದಕ್ಕೇ ಸ್ಟ್ರ್ಯಾಪ್ ನೋಡೋವಾಗ ತುದಿಗಳಿಂದ ಶುರು ಮಾಡಿ.

ಮೊದಲು ಸ್ಕ್ರೂ. ಬಹಳಷ್ಟು ಸ್ಲಿಂಗ್‌ಗಳು ಕ್ಯಾಮೆರಾ ತಳದ ಟ್ರೈಪಾಡ್ ತೂತಿಗೆ ಕೂರ್ತವೆ. ಅದರ ಅಳತೆ ಕಾಲು ಇಂಚು, ಒಂದು ಇಂಚಿಗೆ 20 ಮರೆ. ಅಂದ್ರೆ ಸ್ಕ್ರೂ ಒಂದು ಸುತ್ತು ತಿರುಗಿದ್ರೆ 1.27 ಮಿ.ಮೀ. ಒಳಗೆ ಹೋಗುತ್ತೆ. ಒಟ್ಟು ಒಳಗೆ ಹೋಗೋದೇ ಸುಮಾರು 5 ಮಿ.ಮೀ. ಲೆಕ್ಕ ಹಾಕಿ: ನಿಮ್ಮ ಕ್ಯಾಮೆರಾ ನಾಲ್ಕೇ ನಾಲ್ಕು ಸುತ್ತಿನ ಮೇಲೆ ನಿಂತಿದೆ. ನಡೆಯೋವಾಗ ಕ್ಯಾಮೆರಾ ತಿರುಗಾಡ್ತಾ ಇರುತ್ತೆ, ಆ ತಿರುಗಾಟಕ್ಕೆ ಸ್ಕ್ರೂ ಒಂದೊಂದೇ ಕಾಲು ಸುತ್ತು ಬಿಚ್ಕೋಬಹುದು. ಪರಿಹಾರ ಮೂರು. ರಬ್ಬರ್ ವಾಷರ್ ಇರೋ ಸ್ಕ್ರೂ ಬಳಸಿ. ಗಂಟೆಗೊಮ್ಮೆ ಬೆರಳಲ್ಲಿ ತಿರುಗಿಸಿ ನೋಡಿ. ಎಲ್ಲಕ್ಕಿಂತ ಮುಖ್ಯ, ಕ್ಯಾಮೆರಾ ಬದಿಯ ಕಿವಿಯಿಂದ, ಅಂದ್ರೆ ಸ್ಟ್ರ್ಯಾಪ್ ಕಟ್ಟೋ ಕೊಂಡಿಯಿಂದ, ಮುಖ್ಯ ಪಟ್ಟಿಗೆ ಒಂದು ಸಣ್ಣ ಸೇಫ್ಟಿ ಪಟ್ಟಿ ಹಾಕಿ. ಸ್ಕ್ರೂ ಪೂರ್ತಿ ಬಿಚ್ಚಿದ್ರೂ ಕ್ಯಾಮೆರಾ ಒಂದು ಗೇಣು ಬಿದ್ದು ನಿಲ್ಲುತ್ತೆ.

ಎರಡನೇದು, ಭಾರ ಎಲ್ಲಿದೆಯೋ ಅಲ್ಲಿ ಕೊಂಡಿ. 200-500ನಂಥ ಲೆನ್ಸ್ ಇದ್ರೆ ತೂಕದ ಬಹುಪಾಲು ಲೆನ್ಸಿನದ್ದೇ. ಅಂಥಾ ಹೊತ್ತಲ್ಲಿ ಸ್ಟ್ರ್ಯಾಪನ್ನ ಕ್ಯಾಮೆರಾ ತಳಕ್ಕೆ ಹಾಕಿದ್ರೆ ಲೆನ್ಸಿನ ಭಾರವೆಲ್ಲ ಮೌಂಟ್ ಮೇಲೆ ಬೀಳುತ್ತೆ. ಲೆನ್ಸ್ ಕಾಲರ್‌ನ ಪಾದಕ್ಕೆ ಅಥವಾ ಲೆನ್ಸ್ ಮೇಲೆ ಕೊಟ್ಟಿರೋ ಕೊಂಡಿಗೆ ಹಾಕಿ. ಜೀಪು ಹತ್ತೋ ಮುಂಚೆ ಕಾಲರ್‌ನ ತಿರುಪು ಬಿಗಿ ಇದೆಯಾ ನೋಡಿ. ಸೇಫ್ಟಿ ಪಟ್ಟಿ ಮಾತ್ರ ಬಾಡಿಯ ಕಿವಿಗೇ ಇರಲಿ.

ಮೂರನೇದು, ಬೇಗ ಬಿಚ್ಚೋ ಗುಂಡಿಗಳು. ಪೀಕ್ ಡಿಸೈನ್‌ನವರ ಆ್ಯಂಕರ್ ಅನ್ನೋ ದುಂಡು ಬಿಲ್ಲೆ, ಅದಕ್ಕೊಂದು ಸಣ್ಣ ದಾರ, ಈಗ ಎಲ್ಲ ಕಡೆ ಕಾಣುತ್ತೆ. ಸುಮಾರು 90 ಕೆ.ಜಿ. ತಡೆಯುತ್ತೆ ಅಂತ ಕಂಪನಿ ಹೇಳುತ್ತೆ. ದಾರದ ಹೊರಗಿನ ಕಪ್ಪು ಪದರ ಸವೆದು ಒಳಗಿನ ಬಣ್ಣ ಕಂಡ್ರೆ ಬದಲಿಸಬೇಕು ಅನ್ನೋದೇ ಅದರ ಸೂಚನೆ. ಇದರ ನಕಲುಗಳು ಮಾರ್ಕೆಟ್ ತುಂಬ ಇವೆ. ನೋಡೋಕೆ ಒಂದೇ ಥರ, ಆದರೆ ತಡೆಯೋ ತೂಕದ ಬಗ್ಗೆ ಯಾರೂ ಮಾತು ಕೊಟ್ಟಿರಲ್ಲ. ಅಸಲಿಯಾದ್ರೂ ಒಂದು ವಿಷಯ ಗಮನಿಸಿ: ಕಿವಿಯ ಲೋಹದ ಅಂಚು ಚೂಪಾಗಿದ್ರೆ ದಾರ ಬೇಗ ಸವೆಯುತ್ತೆ.

ಮೂರು ಕೆ.ಜಿ.ಗೆ 90 ಕೆ.ಜಿ. ಯಾಕೆ?

ಕ್ಯಾಮೆರಾ ಮೂರೇ ಕೆ.ಜಿ., ಸ್ಟ್ರ್ಯಾಪ್ 90 ಕೆ.ಜಿ. ತಡೀಬೇಕಾ? ಒಳ್ಳೇ ಪ್ರಶ್ನೆ. ಒಂದು ಸಣ್ಣ ಫಿಸಿಕ್ಸ್.

ಜೀಪು ಗುಂಡಿಗೆ ಇಳಿದು ಕ್ಯಾಮೆರಾ ಕೈತಪ್ಪಿತು ಅಂತಿಟ್ಕೊಳ್ಳಿ. 30 ಸೆಂ.ಮೀ. ಬಿದ್ದಮೇಲೆ ಸ್ಟ್ರ್ಯಾಪ್ ಬಿಗಿಯಾಗುತ್ತೆ. ಆಮೇಲೆ 3 ಸೆಂ.ಮೀ. ಹಿಗ್ಗಿ ಅದನ್ನ ನಿಲ್ಲಿಸುತ್ತೆ. ಒಟ್ಟು 33 ಸೆಂ.ಮೀ. ಬಿದ್ದ ಶಕ್ತಿಯನ್ನ 3 ಸೆಂ.ಮೀ. ಒಳಗೆ ತಡೀಬೇಕು. 33 ಭಾಗಿಸು 3, ಅಂದ್ರೆ 11. ಆ ಕ್ಷಣ ಸ್ಟ್ರ್ಯಾಪ್ ಮೇಲೆ ಬೀಳೋ ಸರಾಸರಿ ಬಲ ಕ್ಯಾಮೆರಾ ತೂಕದ ಹನ್ನೊಂದು ಪಟ್ಟು. ಮೂರು ಕೆ.ಜಿ. ಕ್ಯಾಮೆರಾ 33 ಕೆ.ಜಿ. ಹಾಗೆ ಎಳೆಯುತ್ತೆ. ಇದು ಸರಾಸರಿ, ಗರಿಷ್ಠ ಇದಕ್ಕಿಂತ ಜಾಸ್ತಿ. 90 ಕೆ.ಜಿ. ಅನ್ನೋದು ಶೋಕಿ ಅಲ್ಲ ಅಂತ ಈಗ ಅರ್ಥ ಆಯ್ತಲ್ವಾ?

ಇದೇ ಲೆಕ್ಕ ನಿಯೋಪ್ರೀನ್ ಪಟ್ಟಿಗಳ ಗುಟ್ಟನ್ನೂ ಹೇಳುತ್ತೆ. ರಬ್ಬರಿನ ಹಾಗೆ ಹಿಗ್ಗೋ ಮೆತ್ತನೆ ವಸ್ತು ಅದು. ಜಾಸ್ತಿ ಹಿಗ್ಗುತ್ತೆ, ಹಾಗಾಗಿ ಏಟು ಮೆತ್ತಗಾಗುತ್ತೆ, ಹೆಗಲಿಗೂ ಹಾಯ್. ಆದರೆ ಜೋರಾಗಿ ನಡೆದ್ರೆ ಕ್ಯಾಮೆರಾ ಯೋಯೋ ಥರ ಕುಣಿಯುತ್ತೆ. ನಿಂತು ಕೆಲಸ ಮಾಡೋರಿಗೆ ನಿಯೋಪ್ರೀನ್ ಚೆನ್ನ, ಓಡಾಡೋರಿಗೆ ಒಳಗೆ ಸ್ಪಂಜು ಇಟ್ಟ, ಹಿಗ್ಗದ ಪಟ್ಟಿ ಚೆನ್ನ.

ಚರ್ಮದ ಸ್ಟ್ರ್ಯಾಪ್ ಬಗ್ಗೆ ತುಂಬಾ ಜನ ಕೇಳ್ತಾರೆ. ನೋಡೋಕೆ ಚೆಂದ, ವರ್ಷ ಕಳೆದಂತೆ ಮೈಗೆ ಒಗ್ಗುತ್ತೆ. ಆದರೆ ಆಗುಂಬೆ, ಕೊಡಗಿನ ಮಳೆಗಾಲದಲ್ಲಿ ಒದ್ದೆಯಾಗಿ ಹಾಗೇ ಬ್ಯಾಗಲ್ಲಿಟ್ರೆ ಬೂಷ್ಟು ಹಿಡಿಯುತ್ತೆ. ಅಲ್ಲಿ ಪಾಲಿಯೆಸ್ಟರ್ ವಾಸಿ. ನೈಲಾನ್ ನೀರು ಹೀರಿ ಸ್ವಲ್ಪ ಹಿಗ್ಗುತ್ತೆ, ಪಾಲಿಯೆಸ್ಟರ್ ಅಷ್ಟು ಹೀರಲ್ಲ.

ಡಬ್ಬಿಯ ಸ್ಟ್ರ್ಯಾಪ್ ಕಟ್ಟೋ ಸರಿಯಾದ ಕ್ರಮ

ಖರ್ಚಿಲ್ಲದ, ಆದರೆ ಬಹಳ ಜನ ಬಿಟ್ಟುಬಿಡೋ ಕೆಲಸ ಇದು. ಬಾಲ ಹೊರಗೆ ನೇತಾಡೋ ಹಾಗೆ ಕಟ್ಟಿದ ಪಟ್ಟಿ ಸ್ವಲ್ಪ ಸ್ವಲ್ಪವೇ ಜಾರಬಹುದು. ಹೀಗೆ ಕಟ್ಟಿ.

ಪಟ್ಟಿಯ ತುದಿಯನ್ನ ಮೊದಲು ಸಣ್ಣ ಪ್ಲಾಸ್ಟಿಕ್ ಬಳೆಯೊಳಗೆ ತೂರಿಸಿ. ಆಮೇಲೆ ಕ್ಯಾಮೆರಾ ಕಿವಿಯೊಳಗೆ ಹೊರಗಿಂದ ಒಳಕ್ಕೆ ಹಾಕಿ. ತಿರುಗಿಸಿ ಅದೇ ಬಳೆಯೊಳಗೆ ಮತ್ತೆ ತೂರಿಸಿ. ಈಗ ಬಕಲ್ ಹತ್ರ ಬನ್ನಿ. ಬಕಲ್‌ನಲ್ಲಿ ಈಗಾಗಲೇ ಇರೋ ಪಟ್ಟಿಯನ್ನ ಸಡಿಲಿಸಿ ಕಮಾನಿನ ಹಾಗೆ ಮೇಲೆತ್ತಿ. ತುದಿಯನ್ನ ಆ ಕಮಾನಿನ ಅಡಿಯಿಂದ ಬಕಲ್‌ನ ಎರಡೂ ಸೀಳಿನೊಳಗೆ ದಾಟಿಸಿ. ಐದು ಸೆಂ.ಮೀ. ಆದ್ರೂ ಬಾಲ ಉಳಿಸಿ, ಎಲ್ಲವನ್ನೂ ಎಳೆದು ಬಿಗಿ ಮಾಡಿ. ಈಗ ಬಾಲ ಒಳಗಡೆ ಅಡಗಿರುತ್ತೆ. ಭಾರ ಬಿದ್ದಷ್ಟೂ ಮೇಲಿನ ಪಟ್ಟಿ ಅದನ್ನ ಇನ್ನಷ್ಟು ಒತ್ತಿ ಹಿಡಿಯುತ್ತೆ. ನೋಡೋಕೂ ನೀಟು.

ಮನೆಯಲ್ಲೇ ಪರೀಕ್ಷೆ

ಹೊಸ ಸ್ಟ್ರ್ಯಾಪಿಗೆ ಮೊದಲ ದಿನವೇ ಕ್ಯಾಮೆರಾ ಹಾಕಬೇಡಿ. ಐದು ಲೀಟರ್ ನೀರಿನ ಕ್ಯಾನ್ ಇದೆಯಾ? ಒಂದು ಲೀಟರ್ ಅಂದ್ರೆ ಒಂದು ಕೆ.ಜಿ. ನಿಮ್ಮ ಕ್ಯಾಮೆರಾ ತೂಕದ ಎರಡರಿಂದ ಮೂರು ಪಟ್ಟು ನೀರು ತುಂಬಿ, ಸ್ಟ್ರ್ಯಾಪಿಗೆ ನೇತುಹಾಕಿ, ಗಟ್ಟಿ ಕಂಬಿಯಲ್ಲಿ ಒಂದು ರಾತ್ರಿ ಬಿಡಿ. ಕೆಳಗೆ ಹಾಸಿಗೆ ಇರಲಿ. ಬಕಲ್ ಪಕ್ಕ ಪೆನ್ನಲ್ಲಿ ಒಂದು ಗೆರೆ ಎಳೆದಿಡಿ. ಬೆಳಗ್ಗೆ ಗೆರೆ ಜಾರಿದ್ರೆ ಆ ಬಕಲ್ ನಂಬಬೇಡಿ.

ಆಮೇಲೆ ಆರಾಮದ ಪರೀಕ್ಷೆ. ಅದೇ ಸ್ಟ್ರ್ಯಾಪಿಗೆ ಕ್ಯಾಮೆರಾದಷ್ಟೇ ತೂಕ ಹಾಕಿ, ಮನೆಯಲ್ಲೇ ಒಂದು ಗಂಟೆ ಓಡಾಡಿ. ಮೆಟ್ಟಿಲು ಹತ್ತಿ, ಬಗ್ಗಿ, ಕೂತೇಳಿ. ಅಂಗಡಿಯಲ್ಲಿ ಎರಡು ನಿಮಿಷ ಹಾಕ್ಕೊಂಡಾಗ ಎಲ್ಲ ಸ್ಟ್ರ್ಯಾಪೂ ಹಾಯಾಗೇ ಇರುತ್ತೆ. ನಿಜ ಗೊತ್ತಾಗೋದು ಮುಕ್ಕಾಲು ಗಂಟೆ ಆದ್ಮೇಲೆ. ಹುಡುಗಿಯರಿಗೆ, ಕುಳ್ಳಗಿರೋರಿಗೆ ಇದು ಇನ್ನೂ ಮುಖ್ಯ. ಅಡ್ಡಪಟ್ಟಿ ಎದೆ ಮೇಲೆ ಎಲ್ಲಿ ಹಾದುಹೋಗುತ್ತೆ, ಪೂರ್ತಿ ಗಿಡ್ಡ ಮಾಡಿದ್ರೂ ಕ್ಯಾಮೆರಾ ತೊಡೆಗೆ ಬಡಿಯುತ್ತಾ ಅಂತ ಹಾಕ್ಕೊಂಡೇ ನೋಡ್ಬೇಕು.

ತಿಂಗಳಿಗೊಮ್ಮೆ ಹೊಲಿಗೆ, ಉಂಗುರ, ಸ್ಕ್ರೂ ನೋಡಿ. ಬೆವರಿನ ಉಪ್ಪು ಕೂತಿರುತ್ತೆ, ಪಟ್ಟಿಯನ್ನ ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಇನ್ನೊಂದು, ಕ್ಯಾಮೆರಾ ಕುತ್ತಿಗೆಗೆ ನೇತುಹಾಕ್ಕೊಂಡು ಬೈಕ್ ಓಡಿಸಬೇಡಿ. ಬಿದ್ದಾಗ ಗಟ್ಟಿ ಸ್ಟ್ರ್ಯಾಪೇ ನಿಮಗೆ ಅಪಾಯ.

ಫೋನೇ ಕ್ಯಾಮೆರಾ ಆದೋರಿಗೆ

ಕೇಳ್ತಿರೋರಲ್ಲಿ ಬಹಳ ಜನರ ಕ್ಯಾಮೆರಾ ಫೋನೇ. ಫೋನ್ ಹಗುರ, ಕುತ್ತಿಗೆಗೆ ತೊಂದರೆ ಇಲ್ಲ. ಆದರೆ ತತ್ವ ಅದೇ: ಜೋಡಣೆ ನೋಡಿ. ಫೋನ್ ಕವರ್ ಒಳಗೆ ಒಂದು ತೆಳು ಹಾಳೆ ಇಟ್ಟು, ಚಾರ್ಜರ್ ತೂತಿನಿಂದ ಕೊಂಡಿ ಹೊರತೆಗೆದು ಹಗ್ಗ ಕಟ್ಟೋ ಪಟ್ಟಿಗಳು ಬಂದಿವೆಯಲ್ಲ, ಅಲ್ಲಿ ಫೋನನ್ನ ಹಿಡಿದಿರೋದು ಹಗ್ಗ ಅಲ್ಲ, ಕವರ್. ಹಳೇ ಸಿಲಿಕಾನ್ ಕವರ್ ಸಡಿಲ ಆಗಿದ್ರೆ ಹಗ್ಗ ಎಷ್ಟು ಗಟ್ಟಿ ಇದ್ರೂ ಪ್ರಯೋಜನ ಇಲ್ಲ.

ಕೊನೆಗೆ ಇಷ್ಟು. ಒಂದು ಕೆ.ಜಿ. ಒಳಗೆ: ಡಬ್ಬಿಯ ಪಟ್ಟಿ, ಸರಿಯಾಗಿ ಕಟ್ಟಿ, ಅಡ್ಡಡ್ಡ ಹಾಕಿ. ಒಂದರಿಂದ ಎರಡು: ಅಗಲ ಹೆಗಲುಪಟ್ಟಿಯ ಸ್ಲಿಂಗ್. ಎರಡು ದಾಟಿದ್ರೆ, ಅಥವಾ ಎರಡು ಬಾಡಿ ಇದ್ರೆ: ಹಾರ್ನೆಸ್. ಎಲ್ಲದಕ್ಕೂ ಒಂದು ಸೇಫ್ಟಿ ಪಟ್ಟಿ. ಕೈಯಲ್ಲಿ ದುಡ್ಡು ಕಮ್ಮಿ ಇದ್ರೆ ಬೇರೇನೂ ಕೊಳ್ಳಬೇಡಿ, ಸೇಫ್ಟಿ ಪಟ್ಟಿ ಒಂದನ್ನ ಮೊದಲು ತಗೊಳ್ಳಿ. ಮದುವೆ ಸೀಸನ್ ನಡುವೆ ಹತ್ತು ನಿಮಿಷ ಸಿಕ್ಕಾಗಲೆಲ್ಲ ಕ್ಯಾಮೆರಾ ಕೆಳಗಿಟ್ಟು ಹೆಗಲು ತಿರುಗಿಸಿ. ಎಷ್ಟೇ ಒಳ್ಳೇ ಸ್ಟ್ರ್ಯಾಪ್ ಆದ್ರೂ ಭಾರವನ್ನ ಹಂಚುತ್ತೆಯೇ ಹೊರತು ಇಲ್ಲ ಅನ್ನಿಸಲ್ಲ.

ಮದುವೆಗೆ ಅಸಿಸ್ಟೆಂಟ್ ಆಗಿ ಹೋಗೋ ಫ್ರೆಂಡ್ ಯಾರಾದ್ರೂ ಇದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ.